ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಸಿಲ್ಮರಿಲಿಯನ್’ ಹಿಡಿದು ಕೂತವರಿಗೆ

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ.ಆರ್.ಆರ್. ಟೋಲ್ಕೀನ್ ತೀರಿಕೊಂಡದ್ದು 1973ರ ಸೆಪ್ಟೆಂಬರ್ 2ರಂದು. ಆ ಕಥೆಗೂ ಸಾವಿರಾರು ವರ್ಷ ಹಿಂದಿನ ಕಲ್ಪಿತ ಇತಿಹಾಸವನ್ನು ಹೇಳುವ ‘ದಿ ಸಿಲ್ಮರಿಲಿಯನ್’ ಹೊರಬಂದದ್ದು 1977ರ ಸೆಪ್ಟೆಂಬರ್ 15ರಂದು, ಮಗ ಕ್ರಿಸ್ಟೋಫರ್ ಅವರ ಸಂಪಾದಕತ್ವದಲ್ಲಿ. ಈ ಸಲ ಬಂದ ಪತ್ರಗಳಲ್ಲಿ ಇದೇ ಪುಸ್ತಕದ ಬಗ್ಗೆ ಕೇಳಿದವರು ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ರಿಂಗ್ಸ್’ ಮೂರೂ ಸಂಪುಟಗಳನ್ನು ಎರಡು ಸಲ ಓದಿದ್ದೇನೆ. ‘ಸಿಲ್ಮರಿಲಿಯನ್’ ಮಾತ್ರ ಮೂರು ಸಲ ಶುರುಮಾಡಿ ಮೂರು ಸಲವೂ ಅರ್ಧಕ್ಕೆ ಬಿಟ್ಟೆ. ಹೆಸರುಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ಮೈಸೂರಿನ ಓದುಗರು)

ಉತ್ತರ: ಕಾದಂಬರಿ ಎಂದುಕೊಂಡು ಓದುತ್ತಿದ್ದೀರಿ, ತೊಡಕು ಅಲ್ಲೇ ಇದೆ. ಇದರಲ್ಲಿ ಐದು ಬೇರೆ ಬೇರೆ ಬರಹಗಳಿವೆ. ಮೊದಲನೆಯದು ‘ಐನುಲಿಂಡಲೆ’, ಸಂಗೀತದಿಂದ ಜಗತ್ತು ಹುಟ್ಟಿದ ಕಥೆ. ಎರಡನೆಯದು ‘ವಲಕ್ವೆಂಟ’, ಜಗತ್ತನ್ನು ಕಾಯುವ ವಲರ್ ಎಂಬ ಶಕ್ತಿಗಳ ಪರಿಚಯ. ಆಮೇಲೆ 24 ಅಧ್ಯಾಯಗಳ ‘ಕ್ವೆಂಟ ಸಿಲ್ಮರಿಲಿಯನ್’, ಇದೇ ಪುಸ್ತಕದ ಮೈ. ಕೊನೆಯಲ್ಲಿ ನೂಮೆನೊರ್ ದ್ವೀಪ ಮುಳುಗಿದ ‘ಅಕಲ್ಲಬೇಥ್’ ಮತ್ತು ಉಂಗುರಗಳ ಕಥೆಯನ್ನು ಚಿಕ್ಕದಾಗಿ ಹೇಳುವ ಇನ್ನೊಂದು ಬರಹ.

ಬಹಳ ಮಂದಿ ಕೈಬಿಡುವುದು ‘ವಲಕ್ವೆಂಟ’ದಲ್ಲಿ. ಅದು ಪಟ್ಟಿ. ಏಳು ಗಂಡು, ಏಳು ಹೆಣ್ಣು, ಒಟ್ಟು 14 ಹೆಸರುಗಳು ಒಂದೇ ಏಟಿಗೆ ಬಂದು ಬೀಳುತ್ತವೆ. ಅವನ್ನು ಬಾಯಿಪಾಠ ಮಾಡಲು ಹೋಗಬೇಡಿ. ಮನ್ವೆ, ವರ್ದ, ಉಲ್ಮೊ, ಔಲೆ, ಯವನ್ನ, ಮಂಡೋಸ್ ಈ ಆರು ಜನ, ಜೊತೆಗೆ ಇವರಿಂದ ಸಿಡಿದು ಹೋದ ಮೆಲ್ಕೊರ್ (ಮುಂದೆ ಇವನೇ ಮೊರ್ಗೊಥ್): ಮೊದಲ ಓದಿಗೆ ಇಷ್ಟು ಗೊತ್ತಿದ್ದರೆ ಕಥೆ ಎಲ್ಲೂ ಕೈತಪ್ಪುವುದಿಲ್ಲ. ಉಳಿದವರು ಬಂದಾಗ ಹಿಂದಕ್ಕೆ ತಿರುಗಿಸಿ ನೋಡಿಕೊಂಡರಾಯಿತು.

ಎರಡನೆಯ ಕಾಟ ಎಲ್ಫ್ (ಮುಪ್ಪಿಲ್ಲದೆ ಬಾಳುವ ಕಲ್ಪಿತ ಜನ) ದೊರೆ ಫಿನ್ವೆಯ ಮನೆತನದ್ದು. ಫಿನ್ವೆ, ಫಿಂಗೊಲ್ಫಿನ್, ಫಿನರ್ಫಿನ್, ಫಿಂಗೊನ್, ಫಿನ್ರೊಡ್. ಎಲ್ಲರೂ ‘ಫಿನ್’ ಆದರೆ ಯಾರು ಯಾರ ಮಗ? ಇದಕ್ಕೆ ಒಂದೇ ಮದ್ದು, ಕಾಗದ. ಒಂದು ಎ4 ಹಾಳೆಯನ್ನು ಅಡ್ಡ ಇಟ್ಟು ಮೇಲೆ ನಡುವೆ ಫಿನ್ವೆ ಎಂದು ಬರೆಯಿರಿ. ಎಡಕ್ಕೆ ಮೊದಲ ಹೆಂಡತಿ ಮೀರಿಯೆಲ್. ಅವಳ ಒಬ್ಬನೇ ಮಗ ಫೆಆನೋರ್, ಸಿಲ್ಮರಿಲ್ ಎಂಬ ಮೂರು ರತ್ನಗಳನ್ನು ಮಾಡಿದವನು. ಅವನ ಕೆಳಗೆ ಏಳು ಗಂಡುಮಕ್ಕಳಿಗೆ ಜಾಗ ಬಿಡಿ. ಬಲಕ್ಕೆ ಎರಡನೆಯ ಹೆಂಡತಿ ಇಂಡಿಸ್, ಅವಳ ಮಕ್ಕಳು ಫಿಂಗೊಲ್ಫಿನ್ ಮತ್ತು ಫಿನರ್ಫಿನ್. ಫಿಂಗೊಲ್ಫಿನ್‌ಗೆ ಫಿಂಗೊನ್, ಟುರ್ಗೊನ್, ಅರೆದೆಲ್. ಫಿನರ್ಫಿನ್‌ಗೆ ಫಿನ್ರೊಡ್, ಒರೊಡ್ರೆಥ್, ಅಂಗ್ರೊಡ್, ಐಗ್ನೊರ್, ಕೊನೆಯವಳು ಗಲಡ್ರಿಯೆಲ್. ಮೂರು ಕವಲಿಗೆ ಮೂರು ಬಣ್ಣ ಹಾಕಿ. ಯಾರು ಯಾವ ಸೀಮೆ ಆಳಿದರು ಎಂಬುದನ್ನು ಹೆಸರಿನ ಪಕ್ಕ ಗುರುತಿಸಿ. ಪುಸ್ತಕದ ಕೊನೆಯಲ್ಲಿ ಅಚ್ಚಾದ ವಂಶಾವಳಿ ಇದ್ದೇ ಇದೆ, ಆದರೆ ಕೈಯಲ್ಲಿ ಬರೆದದ್ದೇ ನೆನಪಿನಲ್ಲಿ ನಿಲ್ಲುವುದು. ಇಡೀ ಪಟ್ಟಿಯನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಬೇಡಿ. ಯಾರು ಯಾರನ್ನು ಮದುವೆಯಾದರು ಎಂಬುದು ಮುಂಚೆಯೇ ಗೊತ್ತಾಗಿ ಓದಿನ ಸುಖ ಹೋಗುತ್ತದೆ.

ಮನುಷ್ಯರು ಬರುವ 17ನೆಯ ಅಧ್ಯಾಯಕ್ಕೆ ಇನ್ನೊಂದು ಹಾಳೆ ತೆಗೆಯಿರಿ: ಬೆಓರ್, ಹಲೆಥ್, ಹಡೊರ್ ಎಂಬ ಮೂರು ಮನೆಗಳು. ಬೆರೆನ್ ಮೊದಲನೆಯ ಮನೆಯವನು. ಟೂರಿನ್ ಮತ್ತು ಟುಒರ್ ಮೂರನೆಯ ಮನೆಯವರು, ಹೂರಿನ್ ಮತ್ತು ಹುಒರ್ ಎಂಬ ಅಣ್ಣತಮ್ಮಂದಿರ ಮಕ್ಕಳು. 24ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಈ ಎರಡೂ ಹಾಳೆಗಳ ಗೆರೆಗಳು ಎಲ್ರೊಂಡ್‌ನಲ್ಲಿ ಬಂದು ಕೂಡಿಕೊಳ್ಳುತ್ತವೆ. ‘ರಿಂಗ್ಸ್’ನಲ್ಲಿ ಸಭೆ ಕರೆದು ಕೂರಿಸಿದ ಅದೇ ಎಲ್ರೊಂಡ್.

ಮೂರನೆಯದು 14ನೆಯ ಅಧ್ಯಾಯ, ಬೆಲೆರಿಯಂಡ್ ನಾಡಿನ ವರ್ಣನೆ. ಅದರಲ್ಲಿ ಘಟನೆಯೇ ಇಲ್ಲ, ಬರೀ ನದಿ, ಬೆಟ್ಟ, ಗಡಿ. ಇದನ್ನು ಹಾಸಿಗೆಯಲ್ಲಿ ಮಲಗಿಕೊಂಡು ಓದಿದರೆ ನಿದ್ದೆ ಗ್ಯಾರಂಟಿ. ಕ್ರಿಸ್ಟೋಫರ್ ಬರೆದ ನಕ್ಷೆಯನ್ನು ಪಕ್ಕಕ್ಕೆ ಹರಡಿಕೊಂಡು, ಒಂದೊಂದು ಹೆಸರು ಬಂದಾಗಲೂ ಬೆರಳಿಟ್ಟು ಹುಡುಕಿ. ಸಿರಿಯೊನ್ ನದಿಯನ್ನು ಉತ್ತರದಿಂದ ದಕ್ಷಿಣದ ಸಮುದ್ರದವರೆಗೆ ಒಮ್ಮೆ ಬೆರಳಲ್ಲಿ ಎಳೆದರೆ ಅರ್ಧ ನಾಡು ಗೊತ್ತಾದಂತೆ. ಒಂದು ಗಂಟೆ ಇದಕ್ಕೆ ಕೊಡಿ. ಮುಂದಿನ ಹತ್ತು ಅಧ್ಯಾಯಗಳ ಯುದ್ಧಗಳೆಲ್ಲ ಈ ನೆಲದ ಮೇಲೇ ನಡೆಯುವುದು. ಯಾವ ಕಣಿವೆ ತೆರೆದಿತ್ತು, ಯಾವ ಕೋಟೆ ಒಂಟಿಯಾಯಿತು ಎಂಬುದು ತಿಳಿಯದಿದ್ದರೆ ಸೋಲಿನ ಕಾರಣವೇ ತಿಳಿಯುವುದಿಲ್ಲ.

ದಿನಕ್ಕೆ ಒಂದು ಅಧ್ಯಾಯ ಸಾಕು. ಬೆರೆನ್–ಲೂಥಿಯೆನ್ ಪ್ರೇಮಕಥೆ (19) ಮತ್ತು ಟೂರಿನ್ (21) ಉದ್ದನೆಯವು, ಎರಡೆರಡು ಸಂಜೆ ಬೇಡುತ್ತವೆ. ಒಟ್ಟು ಒಂದು ತಿಂಗಳ ಓದು. 6ರಿಂದ 9ರವರೆಗೆ ಮಾತ್ರ ನಡುವೆ ಬಿಡುವು ಕೊಡದೆ ಓದಿ. ಫೆಆನೋರ್‌ನ ಸಿಟ್ಟು, ರತ್ನಗಳ ಕಳವು, ಅವನ್ನು ಮರಳಿ ಪಡೆಯಲು ಅವನೂ ಮಕ್ಕಳೂ ತೊಟ್ಟ ಪ್ರತಿಜ್ಞೆ, ಬಂಧುಗಳನ್ನೇ ಕೊಂದು ಹಡಗು ಕಿತ್ತುಕೊಂಡದ್ದು, ಇವು ಒಂದೇ ಉಸಿರಿನಲ್ಲಿ ಬರಬೇಕಾದ ಕಥೆ.

ಪ್ರಶ್ನೆ: ಹೆಸರುಗಳನ್ನು ಉಚ್ಚರಿಸುವುದು ಹೇಗೆ? ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. (ಹಾಸನ, ಕುಂದಾಪುರ)

ಉತ್ತರ: ಕನ್ನಡಿಗರಿಗೆ ಇದು ಇಂಗ್ಲಿಷಿನವರಿಗಿಂತ ಸುಲಭ. ಟೋಲ್ಕೀನ್ ವೃತ್ತಿಯಿಂದ ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಎಲ್ಫ್‌ಗಳ ಎರಡು ಭಾಷೆಗಳಲ್ಲಿ ಕ್ವೆನ್ಯಾಕ್ಕೆ ಫಿನ್ನಿಷ್, ಸಿಂಡರಿನ್‌ಗೆ ವೆಲ್ಷ್ ಭಾಷೆಯ ನಾದ ಅವರ ಕಿವಿಯಲ್ಲಿತ್ತು. ಎರಡರಲ್ಲೂ ಬರೆದಂತೆ ಓದುವುದೇ ನಿಯಮ. ಹ್ರಸ್ವ–ದೀರ್ಘ ಬೇರೆ ಬೇರೆ, ಪದದ ಕೊನೆಯ ‘ಎ’ ಮೂಕವಲ್ಲ. ಹಾಗಾಗಿ ‘ಮನ್ವೆ’, ‘ಫಿನ್ವೆ’. ಸ್ವರದ ಮೇಲೆ ಎರಡು ಚುಕ್ಕಿ ಇದ್ದರೆ ಅದನ್ನು ಬಿಡಿಯಾಗಿ ಹೇಳಿ: ಫೆ–ಆ–ನೋರ್ ಮೂರು ಉಚ್ಚಾರ.

ತಪ್ಪಾಗುವ ಜಾಗ ಮೂರು. ಇಂಗ್ಲಿಷಿನ ‘ಸಿ’ (C) ಅಕ್ಷರ ಯಾವಾಗಲೂ ಕ. ಕೆಲೆಬೊರ್ನ್, ಕೆಲೆಗೊರ್ಮ್ ಎನ್ನಿ, ಸೆಲೆಬೊರ್ನ್ ಅಲ್ಲ. ‘ಟಿಎಚ್’ ಎಂದು ಬರೆದದ್ದನ್ನು ನಾವು ಲತಾ, ಮಮತಾ ಹೆಸರುಗಳ ರೂಢಿಯಂತೆ ‘ತ’ ಎಂದು ಓದಿಬಿಡುತ್ತೇವೆ. ಇಲ್ಲಿ ಅದು ಇಂಗ್ಲಿಷಿನ ‘ಥಿನ್’ ಪದದ ಮೊದಲ ಸದ್ದು. ‘ಡಿಎಚ್’ ಕಂಡ ಕೂಡಲೇ ಮಹಾಪ್ರಾಣ ‘ಧ’ ಎನ್ನಬೇಡಿ, ಅದು ‘ದಿಸ್’ ಪದದ ಮೆದು ‘ದ’. ಮೈದ್ರೊಸ್, ಅರೆದೆಲ್.

ಇನ್ನು ಒತ್ತು ಎಲ್ಲಿ ಬೀಳಬೇಕು ಎಂಬುದು. ಇದಕ್ಕೆ ಶಾಲೆಯಲ್ಲಿ ಕಲಿತ ಲಘು–ಗುರು ಸಾಕು. ಎರಡೇ ಉಚ್ಚಾರದ ಹೆಸರಾದರೆ ಒತ್ತು ಮೊದಲಿನದಕ್ಕೆ. ಹೆಚ್ಚಿದ್ದರೆ ಕೊನೆಯದನ್ನು ಬಿಟ್ಟು ಅದರ ಹಿಂದಿನದನ್ನು ನೋಡಿ. ಅದು ಗುರುವಾದರೆ ಒತ್ತು ಅದಕ್ಕೇ, ಲಘುವಾದರೆ ಒತ್ತು ಇನ್ನೊಂದು ಹೆಜ್ಜೆ ಹಿಂದಕ್ಕೆ. ‘ಎಲೆಂಡಿಲ್’ ಎನ್ನುವಾಗ ನಡುವಿನ ‘ಲೆಂ’ ಸೊನ್ನೆಯಿಂದಾಗಿ ಗುರು, ಆದ್ದರಿಂದ ಎ–ಲೆಂ–ಡಿಲ್. ‘ಇಸಿಲ್ದುರ್’ನಲ್ಲಿ ಒತ್ತಕ್ಷರದ ಹಿಂದಿನ ‘ಸಿ’ ಗುರು, ಒತ್ತು ಅಲ್ಲಿಗೆ. ‘ಡೆನೆಥೊರ್’ನಲ್ಲಿ ‘ನೆ’ ಲಘು, ಒತ್ತು ಮೊದಲಿನ ‘ಡೆ’ಗೆ. ‘ಲೂಥಿಯೆನ್’ನಲ್ಲಿ ‘ಥಿ’ ಲಘು, ಒತ್ತು ‘ಲೂ’ಗೆ. ರೋಮನ್ ಲಿಪಿಯಲ್ಲಿ ‘ಟಿಎಚ್’ ಎರಡು ವ್ಯಂಜನದಂತೆ ಕಂಡು ಲೆಕ್ಕ ತಪ್ಪಿಸುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಅದು ಒಂದೇ ‘ಥ’, ಲೆಕ್ಕ ತಾನಾಗಿ ಸರಿಯಾಗುತ್ತದೆ. ನಿಮ್ಮ ವಂಶಾವಳಿಯ ಹಾಳೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಫೆಆನೋರ್ ರೂಪಿಸಿದನೆನ್ನುವ ಟೆಂಗ್ವರ್ ಲಿಪಿಯೂ ನಮಗೆ ಬೇಗ ಕೈಗೆ ಹತ್ತುತ್ತದೆ. ಅದರ 24 ಮೂಲಾಕ್ಷರಗಳು ನಮ್ಮ ವರ್ಗೀಯ ವ್ಯಂಜನಗಳಂತೆ ಬಾಯಲ್ಲಿ ಹುಟ್ಟುವ ಜಾಗ ಮತ್ತು ರೀತಿಯ ಪ್ರಕಾರ ಸಾಲುಗಟ್ಟಿ ನಿಂತಿವೆ. ಸ್ವರಗಳು ಕಾಗುಣಿತದಂತೆ ವ್ಯಂಜನದ ಮೇಲೆ ಕೂರುತ್ತವೆ. ಕ್ವೆನ್ಯಾ ಬರೆಯುವಾಗ ಸ್ವರಚಿಹ್ನೆ ಹಿಂದಿನ ವ್ಯಂಜನದ ಮೇಲೆ ಬರುತ್ತದೆ, ಅಂದರೆ ನಮ್ಮ ಹಾಗೇ. ಸಿಂಡರಿನ್‌ಗೆ ಸಾಮಾನ್ಯವಾಗಿ ಮುಂದಿನ ವ್ಯಂಜನದ ಮೇಲೆ. ಕಲಿಯುವವರು ಎಡವುವುದು ಇಲ್ಲೇ.

ಪ್ರಶ್ನೆ: ಲೇಖಕರು ಸತ್ತ ಮೇಲೆ ಬಂದ ಪುಸ್ತಕ. ಇದರಲ್ಲಿ ಅಪ್ಪನದೆಷ್ಟು, ಮಗನದೆಷ್ಟು? (ಸಾಗರದ ಓದುಗರು)

ಉತ್ತರ: ಮಾತುಗಳು ಬಹುಪಾಲು ಅಪ್ಪನವು, ಜೋಡಣೆ ಮಗನದು. ಒಂದು ಅಧ್ಯಾಯ ಮಾತ್ರ ಇದಕ್ಕೆ ಹೊರತು.

ಟೋಲ್ಕೀನ್ ಈ ಕಥೆಗಳನ್ನು ಬರೆಯಲು ಹಿಡಿದದ್ದು ಮೊದಲ ಮಹಾಯುದ್ಧದ ಕಾಲಕ್ಕೆ. ಸೊಮ್ ಕಾಳಗದಿಂದ ಜ್ವರ ಹತ್ತಿಸಿಕೊಂಡು ಇಂಗ್ಲೆಂಡಿಗೆ ಮರಳಿದ ಮೇಲೆ, 1916–17ರಲ್ಲಿ ‘ಗೊಂಡೊಲಿನ್ ಪತನ’ ಬರೆದರು. 1930ರಲ್ಲಿ ಇಡೀ ಇತಿಹಾಸವನ್ನು ಮೊದಲಿಂದ ಕೊನೆಯವರೆಗೆ ಚಿಕ್ಕದಾಗಿ ಬರೆದು ಮುಗಿಸಿದರು. ಹಾಗೆ ಕೊನೆಮುಟ್ಟಿದ ಗದ್ಯರೂಪ ಮುಂದೆ ಬರಲೇ ಇಲ್ಲ. 1937ರಲ್ಲಿ ‘ದಿ ಹಾಬಿಟ್’ ಗೆದ್ದಾಗ ಈ ಕಥೆಗಳ ಒಂದು ಪಾಲನ್ನು ಪ್ರಕಾಶಕರಿಗೆ ಕಳಿಸಿದರು. ಅವರಿಗೆ ಬೇಕಾಗಿದ್ದದ್ದು ಇನ್ನಷ್ಟು ಹಾಬಿಟ್‌ಗಳ ಕಥೆ. ಅಲ್ಲಿಂದ ‘ರಿಂಗ್ಸ್’ ಹುಟ್ಟಿತು. ಅದು ಮುಗಿದ ಮೇಲೆ 1950ರ ದಶಕದಲ್ಲಿ ಹಳೆಯ ಕಥೆಗಳಿಗೆ ಮರಳಿ ಮೊದಲ ಅಧ್ಯಾಯಗಳನ್ನು ವಿಸ್ತರಿಸಿ ಬರೆದರು. ಕೊನೆಯ ಅಧ್ಯಾಯಗಳ ಹತ್ತಿರಕ್ಕೆ ಹೋಗಲು ಆಗಲೇ ಇಲ್ಲ.

ಹೀಗಾಗಿ ಕ್ರಿಸ್ಟೋಫರ್ ಮುಂದೆ ಇದ್ದದ್ದು ಬೇರೆ ಬೇರೆ ದಶಕಗಳ, ಬೇರೆ ಬೇರೆ ಅಳತೆಯ ಪ್ರತಿಗಳು: ಒಂದೇ ಘಟನೆ ಒಂದು ಕಡೆ ಹತ್ತು ಸಾಲು, ಇನ್ನೊಂದು ಕಡೆ ಐವತ್ತು ಪುಟ. ಜೊತೆಗೆ ವರ್ಷವಾರು ದಾಖಲೆಗಳು, ಪದ್ಯಗಳು. 1974ರಿಂದ ಕೆಲಕಾಲ ಗೈ ಗವ್ರಿಯೆಲ್ ಕೇ ಎಂಬ ಕೆನಡಾದ ಯುವಕ ನೆರವಿಗೆ ಬಂದರು, ಮುಂದೆ ಅವರೇ ಹೆಸರಾದ ಫ್ಯಾಂಟಸಿ ಕಾದಂಬರಿಕಾರರಾದರು. ಇಬ್ಬರೂ ಬೇರೆ ಬೇರೆ ಪ್ರತಿಗಳಿಂದ ವಾಕ್ಯಗಳನ್ನು ಆರಿಸಿ ಒಂದೇ ಹರಿವಿಗೆ ತಂದರು.

ಹೊಲಿಗೆ ಕಣ್ಣಿಗೆ ಕಾಣಬೇಕಿದ್ದರೆ 21, 22, 23ನೆಯ ಅಧ್ಯಾಯಗಳನ್ನು ಒಟ್ಟಿಗಿಟ್ಟು ನೋಡಿ. 21ರ ಟೂರಿನ್ ಕಥೆ 1950ರ ದಶಕದ ದೊಡ್ಡ ಬರಹದ ಸಂಗ್ರಹ, ಮೈತುಂಬಿಕೊಂಡಿದೆ. 23ರ ಗೊಂಡೊಲಿನ್ ಪತನ ಸರಸರ ಮುಗಿಯುತ್ತದೆ. ಅಷ್ಟು ದೊಡ್ಡ ನಗರ ಇಷ್ಟು ಬೇಗ ಬಿತ್ತೇ ಎಂದು ಓದುಗರಿಗೆ ಅನ್ನಿಸುವುದು ಸಹಜ. ಕಾರಣ, ಆ ಪತನದ ಪೂರ್ತಿ ವರ್ಣನೆ ಇದ್ದದ್ದು 1916–17ರ ಹಳೆಯ ಪ್ರತಿಯಲ್ಲಿ ಮಾತ್ರ. 1951ರ ಸುಮಾರಿಗೆ ಅದನ್ನು ಹೊಸದಾಗಿ ಬರೆಯಲು ಹಿಡಿದ ಟೋಲ್ಕೀನ್, ಟುಒರ್ ನಗರವನ್ನು ಮೊದಲ ಸಲ ಕಣ್ತುಂಬ ನೋಡುವಲ್ಲಿಗೆ ನಿಲ್ಲಿಸಿಬಿಟ್ಟರು. ಆದ್ದರಿಂದ ಮಗ 1930ರ ಚಿಕ್ಕ ರೂಪವನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಯಿತು.

ನಡುವಿನ 22, ಡೊರಿಯಥ್‌ನ ನಾಶ, ಇದೇ ಆ ಹೊರತಾದ ಅಧ್ಯಾಯ. ಸಮಸ್ಯೆ ಇದು: ಡೊರಿಯಥ್ ಸುತ್ತ ರಾಣಿ ಮೆಲಿಯನ್‌ಳ ಮಾಯೆಯ ಬೇಲಿ ಇದೆ, ಸೈನ್ಯ ಒಳಗೆ ಬರುವಂತಿಲ್ಲ. ಹಳೆಯ ಕಥೆಯಲ್ಲಿ ಕುಳ್ಳರ ಸೈನ್ಯ ಬಂದು ನಾಡನ್ನು ಸೂರೆ ಮಾಡುತ್ತದೆ. ಬೇಲಿಯ ಕಲ್ಪನೆ ಗಟ್ಟಿಯಾದ ಮೇಲೆ ಇದು ಒಗ್ಗುವುದಿಲ್ಲ ಎಂದು ಟೋಲ್ಕೀನ್‌ರೇ ಗುರುತುಹಾಕಿಕೊಂಡಿದ್ದರು, ಪರಿಹಾರ ಬರೆದಿರಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಹೂರಿನ್ ತಂದು ದೊರೆ ಥಿಂಗೊಲ್‌ನ ಕಾಲ ಬಳಿ ಎಸೆದದ್ದು ಒಂದೇ ಒಂದು ಹಾರ. ಅದಕ್ಕೆ ಸಿಲ್ಮರಿಲ್ ಕೂರಿಸಲು ಬಂದ ಕುಳ್ಳ ಕಮ್ಮಾರರು ಕುಲುಮೆಯ ಬಳಿಯಲ್ಲೇ, ಅರಮನೆಯ ಆಳದಲ್ಲಿ, ದೊರೆಯನ್ನು ಕೊಲ್ಲುತ್ತಾರೆ. ಗಂಡ ಸತ್ತ ಮೇಲೆ ಮೆಲಿಯನ್ ನಾಡು ಬಿಡುತ್ತಾಳೆ, ಬೇಲಿ ಬೀಳುತ್ತದೆ, ಆಮೇಲೆ ಸೈನ್ಯ ಬರುತ್ತದೆ. ಕಥೆಯಾಗಿ ಇದು ಚೆನ್ನಾಗಿಯೇ ನಿಂತಿದೆ. ಆದರೆ ಈ ಕೊಲೆಯ ಏರ್ಪಾಡು ಸಂಪಾದಕರದು. 1994ರ ‘ದಿ ವಾರ್ ಆಫ್ ದಿ ಜ್ಯುವೆಲ್ಸ್’ನಲ್ಲಿ ಕ್ರಿಸ್ಟೋಫರ್ ಇದನ್ನು ಬಿಚ್ಚಿ ಹೇಳಿ, ಸಂಪಾದಕನ ಗೆರೆ ಇಷ್ಟು ದಾಟದೆಯೂ ಆ ತೊಡಕನ್ನು ಬಿಡಿಸಬಹುದಿತ್ತು, ಬಿಡಿಸಬೇಕಿತ್ತು ಎಂದು ಬರೆದರು. ತಾನು ಮಾಡಿದ್ದನ್ನು ಓದುಗರ ಮುಂದೆ ಸಾಲು ಸಾಲಾಗಿ ಇಟ್ಟು ತೂಗಿದ ಇಂಥ ಸಂಪಾದಕರು ಅಪರೂಪ. ಅವರ ಮೇಲೆ ಗೌರವ ಹೆಚ್ಚುವುದು ಇದಕ್ಕೇ.

ಪ್ರಶ್ನೆ: ಎಲ್ಫ್ ದೊರೆ ಗಿಲ್‌ಗಲಡ್ ಯಾರ ಮಗ? ಪುಸ್ತಕದಲ್ಲಿ ಒಂದು, ಗೆಳೆಯರು ಹೇಳುವುದು ಇನ್ನೊಂದು.

ಉತ್ತರ: ಪುಸ್ತಕದಲ್ಲಿ ಫಿಂಗೊನ್‌ನ ಮಗ ಎಂದಿದೆ. ಅದು ಸಂಪಾದನೆಯಲ್ಲಿ ಆದ ತಪ್ಪು, ತಂದೆಯ ಕೊನೆಯ ಆಲೋಚನೆಯ ಪ್ರಕಾರ ಒರೊಡ್ರೆಥ್‌ನ ಮಗ ಎಂದು ಕ್ರಿಸ್ಟೋಫರ್ 1996ರಲ್ಲಿ ತಿದ್ದಿದ್ದಾರೆ. ನಿಮ್ಮ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ಇದನ್ನು ನಮ್ಮ ಪುರಾಣಗಳ ಹಾಗೆ ಓದಬಹುದೇ? ವಲರ್ ಎಂದರೆ ದೇವತೆಗಳು, ಎಲ್ಫ್ ಎಂದರೆ ಗಂಧರ್ವರು ಎನ್ನೋಣವೇ? (ಧಾರವಾಡದ ಓದುಗರು)

ಉತ್ತರ: ಓದುವ ರೀತಿಗೆ ಹೌದು, ಅರ್ಥಕ್ಕೆ ಬೇಡ. ಸೃಷ್ಟಿ, ವಂಶ, ವಂಶದವರ ಚರಿತೆ ಎಂಬ ಅಡಕ ನಮಗೆ ಹೊಸದಲ್ಲ. ಪಾತ್ರದ ಮನಸ್ಸಿನೊಳಗೆ ಹೊಕ್ಕು ನೋಡದೆ ಆಡಿದ ಮಾತು, ಮಾಡಿದ ಕೆಲಸ ಇಷ್ಟರಲ್ಲೇ ಕಥೆ ನಡೆಸುವ ಕ್ರಮವೂ ಪರಿಚಿತ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. 18ನೆಯ ಅಧ್ಯಾಯದಲ್ಲಿ ಫಿಂಗೊಲ್ಫಿನ್ ಒಬ್ಬನೇ ಕುದುರೆ ಏರಿ ಅಂಗ್ಬಂಡ್ ಕೋಟೆಯ ಬಾಗಿಲಿಗೆ ಹೋಗಿ ಕಹಳೆ ಊದಿ ಮೊರ್ಗೊಥ್‌ನನ್ನು ಹೊರಗೆ ಕರೆಯುತ್ತಾನೆ, ಅವನ ಮೈಮೇಲೆ ಏಳು ಗಾಯ ಮಾಡುತ್ತಾನೆ, ಸಾಯುವ ಮುನ್ನ ಕಾಲು ಕಡಿಯುತ್ತಾನೆ. ಆ ಎರಡು ಪುಟಗಳನ್ನು ಬಾಯಿಬಿಟ್ಟು ಓದಿ ನೋಡಿ.

ಆದರೆ ಟೋಲ್ಕೀನ್ ಶ್ರದ್ಧಾವಂತ ಕ್ಯಾಥೊಲಿಕ್. ಇಲ್ಲಿ ದೇವರು ಒಬ್ಬನೇ, ಅವನ ಹೆಸರು ಎರು. ವಲರ್ ಅವನು ಸೃಷ್ಟಿಸಿದವರು. ಯುಗಗಳು ತಿರುಗಿ ಬರುವುದಿಲ್ಲ, ಮುಳುಗಿದ ನಾಡು ಮುಳುಗಿದ್ದೇ. ಪ್ರತಿಜ್ಞೆಯ ವಿಚಾರವಂತೂ ನಮ್ಮ ನಿರೀಕ್ಷೆಗೆ ತಿರುಗಿ ನಿಲ್ಲುತ್ತದೆ. ಭೀಷ್ಮನ ನೆನಪಿನಲ್ಲಿ ಬೆಳೆದ ನಮಗೆ ಮಾತು ಉಳಿಸಿಕೊಳ್ಳುವುದೇ ದೊಡ್ಡದು. ಇಲ್ಲಿ ಮಾತು ಉಳಿಸಿಕೊಳ್ಳಲು ಹೋದದ್ದೇ ಮನೆತನವನ್ನು ಸುಡುತ್ತದೆ. ಕೊನೆಗೆ ಮೈದ್ರೊಸ್ ಮತ್ತು ಮಗ್ಲೊರ್ ಎಂಬ ಫೆಆನೋರ್‌ನ ಇಬ್ಬರು ಮಕ್ಕಳ ಕೈಗೆ ಎರಡು ರತ್ನಗಳು ಸಿಗುತ್ತವೆ, ಸಿಕ್ಕೊಡನೆ ಅಂಗೈ ಸುಡುತ್ತವೆ. ಒಬ್ಬ ರತ್ನದೊಂದಿಗೆ ಬೆಂಕಿಯ ಬಿರುಕಿಗೆ ಹಾರುತ್ತಾನೆ, ಇನ್ನೊಬ್ಬ ಅದನ್ನು ಸಮುದ್ರಕ್ಕೆ ಎಸೆದು ದಡದಲ್ಲಿ ಹಾಡುತ್ತ ಅಲೆಯುತ್ತಾನೆ. ಎಲ್ಫ್‌ಗಳನ್ನು ಗಂಧರ್ವರು ಎಂದರೆ ಈ ಭಾರವೆಲ್ಲ ಹಗುರವಾಗಿಬಿಡುತ್ತದೆ. ‘ಎಲ್ಫ್’ ಎಂದೇ ಇರಲಿ.

ಪ್ರಶ್ನೆ: ‘ದಿ ರಿಂಗ್ಸ್ ಆಫ್ ಪವರ್’ ಸರಣಿ ನೋಡಿದರೆ ಈ ಪುಸ್ತಕ ಓದಿದಂತೆಯೇ? (ತುಮಕೂರು)

ಉತ್ತರ: ಇಲ್ಲ. 2022ರಲ್ಲಿ ಶುರುವಾದ ಆ ಸರಣಿಗೆ ಇರುವ ಹಕ್ಕು ‘ರಿಂಗ್ಸ್’ ಮತ್ತು ‘ಹಾಬಿಟ್’ನದು, ಅನುಬಂಧಗಳೂ ಸೇರಿ. ‘ಸಿಲ್ಮರಿಲಿಯನ್’ನ ಹಕ್ಕು ಮಾರಾಟವಾಗಿಲ್ಲ. ಸರಣಿಯ ಕಥೆ ನಡೆಯುವ ಎರಡನೆಯ ಯುಗದ ಸಂಗತಿ ಅನುಬಂಧಗಳಲ್ಲಿ ಕೆಲವೇ ಪುಟ. ಉಳಿದದ್ದನ್ನು ಸರಣಿಯವರೇ ಹೆಣೆದಿದ್ದಾರೆ. ನೋಡಿ, ಅಡ್ಡಿಯಿಲ್ಲ. ವಂಶಾವಳಿಗೆ ಮಾತ್ರ ಅದನ್ನು ನಂಬಬೇಡಿ.

ಪ್ರಶ್ನೆ: ಯಾವ ಪ್ರತಿ ಕೊಳ್ಳಬೇಕು? ಮುಗಿಸಿದ ಮೇಲೆ ಮುಂದೇನು?

ಉತ್ತರ: 1999ರ ಎರಡನೆಯ ಆವೃತ್ತಿ ಅಥವಾ ಅದರ ನಂತರದ್ದು ಇರಲಿ. ಅದರಲ್ಲಿ ಟೋಲ್ಕೀನ್ 1951ರಲ್ಲಿ ಮಿಲ್ಟನ್ ವಾಲ್ಡ್‌ಮನ್ ಎಂಬ ಪ್ರಕಾಶಕರಿಗೆ ಬರೆದ ದೀರ್ಘ ಪತ್ರ ಸೇರಿದೆ, ಇಡೀ ಇತಿಹಾಸವನ್ನು ಲೇಖಕರೇ ವಿವರಿಸಿದ ಪತ್ರ. ಕೊಳ್ಳುವ ಮುನ್ನ ಕೊನೆಯ ಪುಟಗಳನ್ನು ತಿರುಗಿಸಿ: ವಂಶಾವಳಿ, ಉಚ್ಚಾರದ ಟಿಪ್ಪಣಿ, ಹೆಸರುಗಳ ಸೂಚಿ, ನಕ್ಷೆ ಇವಿಷ್ಟೂ ಇರಬೇಕು, ನಕ್ಷೆಯ ಸಣ್ಣಕ್ಷರ ಓದುವಂತಿರಬೇಕು. ಬೀದಿಬದಿಯ ನಕಲು ಪ್ರತಿಗಳಲ್ಲಿ ಕಲಸಿಹೋಗುವುದು ಮೊದಲು ನಕ್ಷೆಯೇ. ಮೊಬೈಲಿನಲ್ಲಿ ಓದುವವರು ನಕ್ಷೆ ಮತ್ತು ವಂಶಾವಳಿಯನ್ನು ಕಾಗದದ ಮೇಲೆ ಇಟ್ಟುಕೊಳ್ಳಿ.

ಮುಂದೆ ‘ದಿ ಚಿಲ್ಡ್ರನ್ ಆಫ್ ಹೂರಿನ್’ (2007) ಹಿಡಿಯಿರಿ, ಟೂರಿನ್ ಕಥೆ ಅಲ್ಲಿ ಪೂರ್ತಿ ಕಾದಂಬರಿಯಾಗಿದೆ. ಆಮೇಲೆ ‘ಅನ್‌ಫಿನಿಷ್ಡ್ ಟೇಲ್ಸ್’ (1980), ಟುಒರ್ ನಗರ ಕಾಣುವವರೆಗಿನ ಆ ಅರ್ಧ ಬರಹ ಅದರಲ್ಲಿದೆ. 1983ರಿಂದ 1996ರವರೆಗೆ ಬಂದ 12 ಸಂಪುಟಗಳ ಇತಿಹಾಸಮಾಲೆ ‘ದಿ ಹಿಸ್ಟರಿ ಆಫ್ ಮಿಡ್ಲ್ ಅರ್ತ್’ ಅನ್ನು ಒಂದನೆಯ ಸಂಪುಟದಿಂದ ಶುರುಮಾಡಿ ಸೋತವರೇ ಹೆಚ್ಚು. ಆ ಸಂಪುಟದಲ್ಲಿರುವುದು ಅತಿ ಹಳೆಯ ರೂಪ, ಹೆಸರುಗಳೇ ಬೇರೆ. ಮೊದಲು 10 ಮತ್ತು 11 ಓದಿ.

ಪ್ರಶ್ನೆ: ಟೋಲ್ಕೀನ್ ಸಮಾಧಿಯ ಮೇಲೆ ಬೆರೆನ್, ಲೂಥಿಯೆನ್ ಹೆಸರಿದೆಯಂತೆ, ನಿಜವೇ?

ಉತ್ತರ: ನಿಜ. ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಒಂದೇ ಕಲ್ಲು. 1971ರಲ್ಲಿ ತೀರಿಕೊಂಡ ಪತ್ನಿ ಈಡಿತ್ ಹೆಸರಿನ ಕೆಳಗೆ ಲೂಥಿಯೆನ್, ಟೋಲ್ಕೀನ್ ಹೆಸರಿನ ಕೆಳಗೆ ಬೆರೆನ್.

ಪ್ರಶ್ನೆ: ಬೆರೆನ್–ಲೂಥಿಯೆನ್ ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ಅಂತರಜಾಲದಲ್ಲಿ ಹಾಕಬೇಕೆಂದಿದ್ದೇನೆ. ಲೇಖಕರು ತೀರಿಕೊಂಡು 50 ವರ್ಷ ಆಯಿತಲ್ಲ, ಹಾಕಬಹುದೇ? (ಬೆಂಗಳೂರು)

ಉತ್ತರ: ಅನುಮತಿಯಿಲ್ಲದೆ ಹಾಕುವಂತಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಬದುಕಿದ್ದಾಗ ಅಚ್ಚಾದ ಕೃತಿಗೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ರಕ್ಷಣೆ. ಅಂದರೆ ‘ರಿಂಗ್ಸ್’ಗೆ 2033ರ ಕೊನೆಯವರೆಗೆ. ಮರಣೋತ್ತರ ಕೃತಿಗೆ ಲೆಕ್ಕ ಬೇರೆ, 24ನೆಯ ಸೆಕ್ಷನ್ ನೋಡಿ: ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ. 1977ರ ಪುಸ್ತಕಕ್ಕೆ ಅದು 2037ರ ಕೊನೆಗೆ ಮುಗಿಯುತ್ತದೆ. ಕ್ರಿಸ್ಟೋಫರ್ ತಾವೇ ಬರೆದ ಮುನ್ನುಡಿ, ಟಿಪ್ಪಣಿಗಳದ್ದು ಇನ್ನೂ ದೂರ, ಅವರು ತೀರಿಕೊಂಡದ್ದು 2020ರ ಜನವರಿಯಲ್ಲಿ. ಅನುವಾದದ ಹಕ್ಕೂ ಹಕ್ಕುದಾರರದೇ. ದುಡ್ಡು ತೆಗೆದುಕೊಳ್ಳದೆ ಹಾಕಿದರೂ ಇದು ಬದಲಾಗದು.

ನಿಮ್ಮ ಓದಿಗೆ ಅನುವಾದಿಸಿಕೊಳ್ಳಲು ತಡೆಯಿಲ್ಲ. ವಿಮರ್ಶೆ ಬರೆಯುವಾಗ ಬೇಕಾದಷ್ಟು ಸಾಲುಗಳನ್ನು ಕನ್ನಡದಲ್ಲಿ ಉದ್ಧರಿಸಬಹುದು. ಪ್ರಕಟಿಸುವ ಆಸೆಯಿದ್ದರೆ ಆ ಅಧ್ಯಾಯದಿಂದ ಐದಾರು ಪುಟ ಅನುವಾದಿಸಿ, ಒಪ್ಪುವ ಕನ್ನಡ ಪ್ರಕಾಶಕರೊಬ್ಬರನ್ನು ಮೊದಲು ಹಿಡಿದು, ಅವರ ಮೂಲಕ ಹಾರ್ಪರ್‌ಕಾಲಿನ್ಸ್ ಸಂಸ್ಥೆಯ ಹಕ್ಕುಗಳ ವಿಭಾಗಕ್ಕೆ ಬರೆಯಿರಿ. ಮಾದರಿಗೆ ಬೆರೆನ್ ಆಂಗ್ರಿಸ್ಟ್ ಎಂಬ ಚೂರಿಯಿಂದ ಮೊರ್ಗೊಥ್‌ನ ಕಿರೀಟದ ಒಂದು ಸಿಲ್ಮರಿಲ್ ಕಿತ್ತು, ಇನ್ನೊಂದಕ್ಕೂ ಕೈಹಾಕಿ, ಚೂರಿ ಮುರಿಯುವ ಭಾಗವನ್ನು ಆರಿಸಿಕೊಳ್ಳಿ. ವಾಕ್ಯಗಳು ಹಳೆಯ ಇಂಗ್ಲಿಷಿನ ಗತ್ತಿನವು, ‘ಮತ್ತು’ ಹಾಕಿ ಜೋಡಿಸುತ್ತ ಹೋದರೆ ಕನ್ನಡ ಕುಂಟುತ್ತದೆ. ‘ಕಿತ್ತು, ಹಿಡಿದು, ತಿರುಗಿ’ ಎಂದು ಕ್ರಿಯಾಪದಗಳನ್ನು ಸರಪಳಿಯಾಗಿ ಪೋಣಿಸಿಕೊಂಡು ಹೋಗಿ. ಹೆಸರುಗಳ ಹ್ರಸ್ವ–ದೀರ್ಘವನ್ನು ಮೊದಲ ದಿನವೇ ಒಂದು ಪಟ್ಟಿಯಲ್ಲಿ ನಿಗದಿ ಮಾಡಿಕೊಳ್ಳಿ, ನಡುವೆ ಬದಲಾಯಿಸಬೇಡಿ.